ಹೆಂಪ್ ಕೊಯ್ಲು: ಬರಹಗಳಲ್ಲಿ ಬಿಟ್ಟುಹೋಗುವ ವಾರಗಳು

ಸಂಪಾದಕರಿಗೆ,

ಮಾನ್ಯರೇ,

ಹೆಂಪ್ ಬೆಳೆಯ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳು ಬಹುಪಾಲು ಬಿತ್ತನೆಯಲ್ಲಿ ಶುರುವಾಗಿ, ಅಲ್ಲಿಂದ ನೇರವಾಗಿ ಬಟ್ಟೆ, ಎಣ್ಣೆ, ಇಟ್ಟಿಗೆಗಳ ಪಟ್ಟಿಗೆ ಹಾರಿಬಿಡುತ್ತವೆ. ನಡುವೆ ಕತ್ತಿ ಹಾಕಿದ ದಿನದಿಂದ ಮಾಲು ಗೋದಾಮು ಸೇರುವವರೆಗಿನ ಕೆಲವು ವಾರಗಳ ಸುದ್ದಿಯೇ ಇರುವುದಿಲ್ಲ. ಗುಣಮಟ್ಟ ಕೆಡುವುದು ಅಲ್ಲಿಯೇ. ಅದರ ಜೊತೆಗೆ 'ಒಂದೇ ಬೆಳೆ, ನಾರೂ ಸಿಗುತ್ತದೆ, ಬೀಜವೂ ಸಿಗುತ್ತದೆ, ಬೆಂಡೂ ಸಿಗುತ್ತದೆ' ಎಂಬ ಮಾತು. ಬೆಂಡು ಎಂದರೆ ನಾರಿನ ಸಿಪ್ಪೆಯೊಳಗಿನ ಕಾಂಡದ ತಿರುಳು. ಮೂರೂ ಸಿಗುತ್ತವೆ, ನಿಜ. ಒಂದೇ ಕೊಯ್ಲಿನಲ್ಲಿ ಮೂರೂ ಒಳ್ಳೆಯದಾಗಿ ಸಿಗುವುದಿಲ್ಲ. ಈ ಪತ್ರ ಅದರ ಬಗ್ಗೆ.

ಮೊದಲು ಹೆಸರಿನ ಗೊಂದಲ. ನಮ್ಮ ಭಾಷೆಯಲ್ಲಿ ಸೆಣಬು ಎಂದರೆ ಒಬ್ಬರಿಗೆ ಹಸಿರೆಲೆ ಗೊಬ್ಬರದ ಗಿಡ, ಇನ್ನೊಬ್ಬರಿಗೆ ಗೋಣಿಚೀಲದ ನಾರು. ಪುಂಡಿ ನಾರು ಮತ್ತೊಂದು. ಇವು ಯಾವುವೂ ಹೆಂಪ್ ಅಲ್ಲ. ಹೆಂಪ್ ಎಂದರೆ ಕ್ಯಾನಬಿಸ್ ಸಟೈವಾ ಜಾತಿಯಲ್ಲೇ ಅಮಲಿನ ಅಂಶ ತೀರಾ ಕಡಿಮೆ ಇರುವ ತಳಿಗಳು. ಒಣ ತೂಕದಲ್ಲಿ ಆ ಅಮಲಿನ ಅಂಶ, ಅಂದರೆ ಟಿಎಚ್‌ಸಿ, ಶೇ 0.3 ಮೀರಬಾರದು ಎಂಬುದು ಹಲವು ದೇಶಗಳ ಕಾನೂನಿನ ಗೆರೆ. ಪರವಾನಗಿ ಇಲ್ಲದೆ ಬೆಳೆಯುವ ಗಿಡದ ಮಾತು ಇಲ್ಲಿಲ್ಲ, ಹೂವಿನ ಅಂಟಿನ ವ್ಯವಹಾರವೂ ಇಲ್ಲಿಲ್ಲ. ಕಾಂಡ ಮತ್ತು ಬೀಜ, ಅಷ್ಟೇ.

ನಾರಿಗೆ ಬೇಕಾದರೆ ಕೊಯ್ಲಿನ ದಿನವನ್ನು ಗಂಡು ಗಿಡ ಹೇಳುತ್ತದೆ. ಹಲವು ತಳಿಗಳಲ್ಲಿ ಗಂಡು ಹೆಣ್ಣು ಬೇರೆ ಬೇರೆ ಗಿಡ. ಗಂಡು ಮೊದಲು ಹೂ ಬಿಟ್ಟು, ಪರಾಗ ಉದುರಿಸಿ, ಬೇಗ ಒಣಗಿ ಸಾಯುತ್ತದೆ. ಗಿಡವನ್ನು ತಟ್ಟಿದಾಗ ಹಳದಿ ಪುಡಿ ಹಾರಲು ಶುರುವಾದರೆ ಕತ್ತಿ ಹಾಕುವ ಕಾಲ ಬಂತು ಎಂದರ್ಥ. ಬಿತ್ತಿದ 70ರಿಂದ 90ನೇ ದಿನದ ಆಸುಪಾಸು ಅದು ಬರುತ್ತದೆ, ತಳಿ ಮತ್ತು ಹಗಲಿನ ಉದ್ದದ ಮೇಲೆ ಹೆಚ್ಚುಕಡಿಮೆ. ಅಲ್ಲಿಂದ ಮುಂದೆ ಕಾಂಡದಲ್ಲಿ ಅದನ್ನು ಮರದಂತೆ ಗಟ್ಟಿಮಾಡುವ ಲಿಗ್ನಿನ್ ತುಂಬುತ್ತಾ ಹೋಗಿ ನಾರು ಒರಟಾಗುತ್ತದೆ; ಬುಡದ ಕಡೆ ಚಿಕ್ಕ ಎಳೆಯ, ಎರಡನೇ ದರ್ಜೆಯ ನಾರು ಹೆಚ್ಚುತ್ತದೆ. ಬೀಜವಾದರೆ ಬಲಿಯಲು 100–120 ದಿನ ಅಥವಾ ಅದಕ್ಕಿಂತ ಹೆಚ್ಚು ಕೇಳುತ್ತದೆ. ಬೀಜಕ್ಕೆಂದು ಕಾದ ಕಾಂಡದಿಂದ ಹಗ್ಗ, ಕಾಗದ, ಚಾಪೆಯಂಥ ದಪ್ಪ ಕೆಲಸಕ್ಕೆ ನಾರು ಬರುತ್ತದೆ, ನಯವಾದ ನೂಲಿಗೆ ಬರುವುದಿಲ್ಲ. ಬಿತ್ತನೆಯೂ ಬೇರೆಯೇ: ನಾರಿಗೆ ಹೆಕ್ಟೇರಿಗೆ 50–60 ಕಿಲೋ ಬೀಜ ಒತ್ತಾಗಿ ಬಿತ್ತಿದರೆ ಗಿಡ ಕವಲೊಡೆಯದೆ ಸಪೂರವಾಗಿ ಮೇಲೇಳುತ್ತದೆ, ಬೀಜದ ಬೆಳೆಗೆ ಅದರ ಅರ್ಧ ಸಾಕು. ಬಿತ್ತುವ ದಿನವೇ ಇತ್ಯರ್ಥವಾಗಬೇಕಾದದ್ದನ್ನು ಕೊಯ್ಲಿನ ದಿನ ಯೋಚಿಸುವುದೇ ಮೊದಲ ತಪ್ಪು.

ಕೊಯ್ಯುವುದಕ್ಕೆ ಕತ್ತರಿಯಂತೆ ಹಲ್ಲು ಸರಿದಾಡುವ ಬಾರ್ ಕಟರ್ ಒಳ್ಳೆಯದು. ತಿರುಗುವ ಭಾಗ ಹೆಚ್ಚಿದ್ದಷ್ಟೂ ನಾರು ಸುತ್ತಿಕೊಳ್ಳುತ್ತದೆ. ಶಾಫ್ಟಿಗೆ ಸುತ್ತಿದ ನಾರು ಬಿಗಿಯುತ್ತಾ ಬೇರಿಂಗ್ ಬಿಸಿಯಾಗಿ, ಹೊಟ್ಟಿಗೆ ಬೆಂಕಿ ತಗಲುವ ಅಪಾಯ ಕಾಗದದ ಮೇಲಿನದಲ್ಲ. ಬಯಲಾಗಿರುವ ಶಾಫ್ಟುಗಳಿಗೆ ಅಳತೆಗಿಂತ ದೊಡ್ಡ ಪ್ಲಾಸ್ಟಿಕ್ ಪೈಪನ್ನು ಉದ್ದಕ್ಕೆ ಸೀಳಿ ಸಡಿಲವಾಗಿ ತೊಡಿಸಿದರೆ, ಶಾಫ್ಟ್ ಒಳಗೆ ತಿರುಗುತ್ತದೆ, ಪೈಪು ನಿಂತಿರುತ್ತದೆ, ನಾರಿಗೆ ಹಿಡಿತ ಸಿಗುವುದಿಲ್ಲ. ಸುತ್ತಿದ್ದನ್ನು ಬಿಡಿಸುವ ಮುನ್ನ ಎಂಜಿನ್ ಆರಿಸಿ ಕೀಲಿ ಜೇಬಿಗೆ ಹಾಕಿಕೊಳ್ಳಬೇಕು. ಅಲಗು ಮೊಂಡಾದರೆ ಕಾಂಡ ಕತ್ತರಿಸುವುದಿಲ್ಲ, ಸಿಬಿರೆದ್ದು ಜಗಿದಂತಾಗುತ್ತದೆ. ಇಬ್ಬನಿ ಆರುವ ಮೊದಲು ಹೊಲಕ್ಕಿಳಿದರೂ ಹಾಗೆಯೇ.

ಇನ್ನು ಕೊಳೆಹಾಕುವುದು. ಕಾಂಡದಲ್ಲಿ ನಾರನ್ನು ಬೆಂಡಿಗೆ ಅಂಟಿಸಿರುವುದು ಪೆಕ್ಟಿನ್. ಅದನ್ನು ಶಿಲೀಂಧ್ರ ಅಥವಾ ಬ್ಯಾಕ್ಟೀರಿಯಾ ತಿನ್ನುವಂತೆ ಬಿಟ್ಟು, ಅವು ನಾರಿನ ಸೆಲ್ಯುಲೋಸಿಗೆ ಬಾಯಿ ಹಾಕುವ ಮೊದಲು ನಿಲ್ಲಿಸುವುದೇ ಈ ಕೆಲಸದ ಜಾಣ್ಮೆ. ಹೊಲದಲ್ಲೇ ಇಬ್ಬನಿಗೆ ಹರಡುವ ಪದ್ಧತಿಯಲ್ಲಿ ಎರಡರಿಂದ ಐದು ವಾರ ಹಿಡಿಯುತ್ತದೆ. ಕಾಂಡಗಳನ್ನು ತೆಳುವಾಗಿ, ಒಂದೇ ದಿಕ್ಕಿಗೆ ಮಲಗಿಸಿ, ಮೇಲ್ಭಾಗದ ಬಣ್ಣ ತಿರುಗಿದಾಗ ಒಮ್ಮೆ ಮಗುಚಬೇಕು. ದಪ್ಪವಾಗಿ ಹಾಕಿದ್ದರೆ ಎರಡು ಸಲ. ಮಗುಚದೆ ಬಿಟ್ಟರೆ ನೆಲಕ್ಕೆ ತಗುಲಿದ ಮಗ್ಗುಲು ಕೊಳೆತು, ಬಿಸಿಲಿನ ಮಗ್ಗುಲು ಹದಕ್ಕೆ ಬಾರದೆ ಉಳಿದು, ಒಂದೇ ಕಟ್ಟಿನಲ್ಲಿ ಎರಡು ತರದ ನಾರು ಬರುತ್ತದೆ. ಖರೀದಿದಾರ ದರ ಕಟ್ಟುವುದು ಕೀಳು ತರದ್ದಕ್ಕೆ.

ದಿನ ಎಣಿಸಿ ಎತ್ತುವವರು ಕೆಡುತ್ತಾರೆ. ಕೈಯಲ್ಲಿ ಮುರಿದು ನೋಡುವವರು ಉಳಿಯುತ್ತಾರೆ. ಸಾಲಿನ ಬೇರೆ ಬೇರೆ ಕಡೆಯಿಂದ ಹತ್ತು ಕಾಂಡ ತೆಗೆದು ನೆರಳಲ್ಲಿ ಒಣಗಿಸಿ, ನಡುವೆ ಮುರಿಯಿರಿ. ಬೆಂಡು ಟಕ್ಕೆಂದು ಮುರಿದು, ನಾರು ಮುರಿಯದೆ ಪಟ್ಟಿಯಂತೆ ನಿಲ್ಲಬೇಕು. ಆ ಪಟ್ಟಿಯನ್ನು ಒಂದು ಗೇಣು ಎಳೆದು ಒದರಿದಾಗ ಬೆಂಡಿನ ಚೂರು ತಾನಾಗಿ ಉದುರಿದರೆ ಹದ ಬಂದಿದೆ. ಚೂರು ನಾರಿಗೆ ಕಚ್ಚಿಕೊಂಡೇ ಬಂದರೆ ಇನ್ನೂ ಬೇಕು. ಪಟ್ಟಿಯನ್ನು ಎರಡು ಕೈಯಲ್ಲಿ ಜಗ್ಗಿದಾಗ ಸುಲಭವಾಗಿ ಹರಿದುಹೋದರೆ ಹದ ಮೀರಿದೆ, ಅದಕ್ಕೆ ಮದ್ದಿಲ್ಲ. ಬಣ್ಣ ಹಸಿರಿನಿಂದ ಹಳದಿಗೆ, ಅಲ್ಲಿಂದ ಕಪ್ಪು ಚುಕ್ಕೆಯ ಬೂದಿಗೆ ತಿರುಗುತ್ತದೆ. ಬಣ್ಣ ಸೂಚನೆ ಮಾತ್ರ, ತೀರ್ಪು ಕೊಡುವುದು ಕೈ. ಮೊದಲ ವಾರ ಎರಡು ಮೂರು ದಿನಕ್ಕೊಮ್ಮೆ, ಬಣ್ಣ ತಿರುಗಿದ ಮೇಲೆ ದಿನವೂ ನೋಡಬೇಕು. ಬೆಚ್ಚಗಿನ, ತೇವದ ಹವೆಯಲ್ಲಿ ಎರಡೇ ದಿನದಲ್ಲಿ ಹದ ದಾಟಿಬಿಡುತ್ತದೆ. ಒಣ ಹವೆಯಲ್ಲಿ ತದ್ವಿರುದ್ಧ. ಕಾಂಡ ಒಣಗಿ ಸುಮ್ಮನೆ ಬಿದ್ದಿರುತ್ತದೆ, ಏನೂ ಆಗುವುದಿಲ್ಲ.

ನೀರಿನಲ್ಲಿ ನೆನೆಹಾಕಿದರೆ 7ರಿಂದ 14 ದಿನ ಸಾಕು, ನಾರೂ ನಯ, ಬಣ್ಣವೂ ತಿಳಿ. ನೀರು 25–35 ಡಿಗ್ರಿ ಸೆಲ್ಸಿಯಸ್ ಇದ್ದಾಗ ಕೆಲಸ ಚುರುಕು. ಎಲೆ ಉದುರಿಸಿದ, ದಪ್ಪಕ್ಕೆ ತಕ್ಕಂತೆ ವಿಂಗಡಿಸಿದ ಸಿವುಡುಗಳು ಪೂರ್ತಿ ಮುಳುಗಿರಬೇಕು. ವಿಂಗಡಿಸದಿದ್ದರೆ ದಪ್ಪ ಕಾಂಡ ಹದಕ್ಕೆ ಬರುವಷ್ಟರಲ್ಲಿ ಸಪೂರ ಕಾಂಡ ಕೊಳೆತಿರುತ್ತದೆ. ಮುಳುಗಿಸಲು ಕೆಸರಿನ ಹೆಂಟೆ, ತುಕ್ಕು ಹಿಡಿದ ಕಬ್ಬಿಣ ಹೇರಬೇಡಿ. ಕಬ್ಬಿಣದ ಅಂಶ ಕಾಂಡದ ಒಗರಿನ ಜೊತೆ ಸೇರಿ ನಾರು ಕಪ್ಪಾಗುತ್ತದೆ, ಎಷ್ಟು ತೊಳೆದರೂ ಬಿಡುವುದಿಲ್ಲ. ಕಲ್ಲು, ಸಿಮೆಂಟ್ ಬಿಲ್ಲೆ ಆಗಬಹುದು. ಆದರೆ ಆಮ್ಲಜನಕವೆಲ್ಲ ತೀರಿ ನಾರುವ ಆ ನೀರನ್ನು ಹಳ್ಳಕ್ಕೆ ಬಿಟ್ಟರೆ ಮೀನು ಸಾಯುತ್ತದೆ. ಹಿಡಿದಿಟ್ಟು ಶುದ್ಧಿ ಮಾಡುವ ವ್ಯವಸ್ಥೆ ಇಲ್ಲದವರು ಈ ದಾರಿ ಹಿಡಿಯಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ, ನಾರು ಎಷ್ಟೇ ನಯವಾಗಿ ಬರಲಿ.

ಹದವಾದ ಕಾಂಡವನ್ನು ಪೆಂಡಿ ಕಟ್ಟುವಾಗ ತೇವಾಂಶ ಶೇ 15ಕ್ಕಿಂತ ಕೆಳಗಿರಬೇಕು. ಇಲ್ಲವಾದರೆ ಕೊಳೆಯುವ ಕೆಲಸ ಪೆಂಡಿಯ ಒಳಗೆ ಮುಂದುವರಿದು, ಬೂಷ್ಟು ಹಿಡಿದು, ಒಳಗೇ ಕಾವೇರುತ್ತದೆ. ಪೆಂಡಿಗೆ ಪ್ಲಾಸ್ಟಿಕ್ ದಾರ ಸುತ್ತಲೇಬೇಡಿ. ಅದರ ಒಂದು ಎಳೆ ನಾರಿನೊಳಗೆ ಸೇರಿತೆಂದರೆ ನೂಲುವವರೆಗೂ ಕಾಣುವುದಿಲ್ಲ, ಬಣ್ಣ ಹಾಕಿದಾಗ ಬಟ್ಟೆಯಲ್ಲಿ ಬೆಳ್ಳಗೆ ಎದ್ದುಕಾಣುತ್ತದೆ. ಕತ್ತಾಳೆ ದಾರ ಸಾಕು.

ನಾರು ಬಿಡಿಸುವ ಯಂತ್ರಕ್ಕೆ ಕೊಡುವಾಗ ತೇವ ಶೇ 10–12 ಇದ್ದರೆ ಚೆನ್ನ. ಹೆಚ್ಚಿದ್ದರೆ ಬೆಂಡು ಮುರಿಯದೆ ಬಾಗುತ್ತದೆ. ತೀರಾ ಒಣಗಿದ್ದರೆ ಉದ್ದ ನಾರು ತುಂಡಾಗಿ ದೂಳಾಗುತ್ತದೆ. ಒಣ ಕಾಂಡದ ತೂಕದಲ್ಲಿ ನಾರಿನ ಸಿಪ್ಪೆ ಕಾಲು ಭಾಗದಿಂದ ಮೂರನೇ ಒಂದು ಭಾಗ, ಉಳಿದದ್ದು ಬೆಂಡು. ಬೆಂಡನ್ನು ಸುಣ್ಣದ ಜೊತೆ ಕಲಸಿ ಮಾಡುವ ಕಟ್ಟಡ ಸಾಮಗ್ರಿ ಹೆಂಪ್‌ಕ್ರೀಟ್. ಅದಕ್ಕೆ ಹೋಗುವ ಬೆಂಡಿನಲ್ಲಿ ದೂಳೂ ಇರಬಾರದು, ನಾರೂ ಉಳಿದಿರಬಾರದು. ನಾರಿದ್ದರೆ ಕಲಸುವಾಗ ಉಂಡೆ ಕಟ್ಟುತ್ತದೆ. ದೂಳಿನ ವಿಷಯ ಹಗುರವಾಗಿ ಕಾಣಬೇಡಿ. ಹತ್ತಿ ಗಿರಣಿ ಕೆಲಸಗಾರರಿಗೆ ಬರುವ ಬಿಸಿನೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಹೆಂಪ್ ನಾರು ಬಿಡಿಸುವವರಿಗೂ ಬರುತ್ತದೆ. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಅದು ನಿಲ್ಲುವುದಿಲ್ಲ, ಸರಿಯಾದ ಮಾಸ್ಕ್ ಮತ್ತು ದೂಳು ಎಳೆಯುವ ಫ್ಯಾನ್ ಎರಡೂ ಬೇಕು.

ಬೀಜದ ಬೆಳೆಯಲ್ಲಿ ತಾಳ್ಮೆಯೇ ನಷ್ಟಕ್ಕೆ ದಾರಿ. ತೆನೆಯಲ್ಲಿ ಬೀಜ ಕೆಳಗಿನಿಂದ ಮೇಲಕ್ಕೆ ಬಲಿಯುತ್ತದೆ. ತುದಿಯ ಬೀಜವೂ ಬಲಿಯಲಿ ಎಂದು ಕಾದರೆ ಬುಡದ್ದು ಉದುರಿರುತ್ತದೆ, ಉಳಿದದ್ದಕ್ಕೆ ಹಕ್ಕಿ ಬಂದಿರುತ್ತದೆ. ನೂರಕ್ಕೆ ಎಪ್ಪತ್ತು ಎಂಬತ್ತು ಬೀಜ ಗಟ್ಟಿಯಾಗಿ, ಬೂದುಗಂದು ಬಣ್ಣಕ್ಕೆ ತಿರುಗಿ, ಮೇಲೆ ಗೆರೆಗೆರೆ ಮೂಡಿದಾಗ ಕೊಯ್ಯಬೇಕು. ಆಗ ಬೀಜದ ತೇವ ಶೇ 22–30ರವರೆಗೆ ಇರುತ್ತದೆ. ಅಷ್ಟು ತೇವದ ರಾಶಿಯನ್ನು ಒಂದು ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ಕೈ ಹಾಕಿದಾಗ ಬಿಸಿ ತಾಗುತ್ತದೆ, ಮುಗ್ಗಲು ವಾಸನೆ ಏಳುತ್ತದೆ. ಕೊಯ್ದ ನಾಲ್ಕು ಗಂಟೆಯೊಳಗೆ ಗಾಳಿ ಸಿಗಬೇಕು.

ಆದ್ದರಿಂದ ದಿನಕ್ಕೆ ಎಷ್ಟು ಕೊಯ್ಯಬೇಕೆಂದು ತೀರ್ಮಾನಿಸುವುದು ಯಂತ್ರದ ವೇಗವಲ್ಲ, ಒಣಗಿಸುವ ಕಣ. ಐದು ಸೆಂಟಿಮೀಟರ್ ದಪ್ಪ ಹರಡಿದರೆ ಒಂದು ಚದರ ಮೀಟರಿಗೆ 20–25 ಕಿಲೋ ಹಿಡಿಯುತ್ತದೆ. ನೂರು ಚದರ ಮೀಟರ್ ಕಣ ಇದ್ದವರು ಒಂದು ಸಲಕ್ಕೆ ಎರಡು, ಎರಡೂವರೆ ಟನ್ ಮೀರಬಾರದು. ಅದು ಒಣಗಿ ಎತ್ತುವವರೆಗೆ ಹೊಲದ ಮುಂದಿನ ಪಟ್ಟಿಗೆ ಕತ್ತಿ ಹಾಕಬಾರದು. ಬಿಸಿಗಾಳಿ ಕೊಡುವುದಾದರೆ 40 ಡಿಗ್ರಿ ದಾಟಿಸಬೇಡಿ. ಬೀಜದಲ್ಲಿ ಶೇ 30ರ ಸುಮಾರು ಎಣ್ಣೆ, ಅದರಲ್ಲಿ ಬಹುಪಾಲು ಬೇಗ ಕಮಟಾಗುವ ಲಿನೋಲಿಯಿಕ್, ಲಿನೋಲೆನಿಕ್ ಆಮ್ಲಗಳು. ಒಕ್ಕಣೆಯ ಡ್ರಮ್ಮು ಜೋರಾಗಿ ತಿರುಗಿ ಸಿಪ್ಪೆ ಬಿರುಕು ಬಿಟ್ಟ ಬೀಜವೂ ಹಾಗೆಯೇ ಕಮಟಾಗುತ್ತದೆ. ಒಂದು ಹಿಡಿ ಬೀಜ ಬಿಳಿ ತಟ್ಟೆಗೆ ಸುರಿದು ಒಡೆದದ್ದನ್ನು ಎಣಿಸಿ, ಹೆಚ್ಚಾಗಿದ್ದರೆ ಆಗಲೇ ವೇಗ ಇಳಿಸಿ.

ತೂರಿ, ಜರಡಿ ಹಿಡಿಯುವುದು ಚೆಂದಕ್ಕಲ್ಲ. ಬೀಜದ ಒಳಗೆ ಟಿಎಚ್‌ಸಿ ಇಲ್ಲವೆನ್ನುವಷ್ಟು ಕಡಿಮೆ. ಪರೀಕ್ಷೆಯಲ್ಲಿ ಕಾಣುವುದು ಬೀಜವನ್ನು ಸುತ್ತಿದ ಎಲೆಸಿಪ್ಪೆಯ ಅಂಟು ಮೈಗೆ ಮೆತ್ತಿದ್ದು. ಹೊಟ್ಟು ಉಳಿದರೆ ಇಡೀ ಲಾಟು ತಿರಸ್ಕಾರವಾಗಬಹುದು. ಎಣ್ಣೆಯನ್ನು ಗಾಣದಲ್ಲಿ 50 ಡಿಗ್ರಿ ಮೀರದಂತೆ ಹಿಂಡಿ, ತಿಳಿಯಾಗಿಸಿ, ಬೆಳಕು ತಾಗದ ಬಾಟಲಿಗೆ ಕಂಠದವರೆಗೆ ತುಂಬಿ ತಂಪಿನಲ್ಲಿಡಬೇಕು. ಹುರಿಯುವ ಕರಿಯುವ ಕೆಲಸಕ್ಕೆ ಅದು ಹೇಳಿ ಮಾಡಿಸಿದ್ದಲ್ಲ.

ಕೊನೆಗೆ ಪತ್ರಿಕೆಗೇ ಒಂದು ಕೋರಿಕೆ. ದಾಸ್ತಾನಿಡುವ ಬೀಜದ ತೇವ ಶೇ 9 ಮೀರಬಾರದು. ಶೇ 25 ತೇವದ 100 ಕಿಲೋ ಬೀಜವನ್ನು ಶೇ 9ಕ್ಕೆ ಇಳಿಸಿದರೆ ಎಷ್ಟು ಉಳಿಯುತ್ತದೆ? 84 ಎನ್ನುವವರೇ ಹೆಚ್ಚು. ಒಳಗಿರುವ ಒಣ ಪದಾರ್ಥ 75 ಕಿಲೋ, ಒಣಗಿದ ಮೇಲೆ ಅದು ಒಟ್ಟು ತೂಕದ ಶೇ 91 ಆಗಬೇಕು, 75ನ್ನು 0.91ರಿಂದ ಭಾಗಿಸಿದರೆ 82.4 ಕಿಲೋ. ಕಣದಲ್ಲಿ ತೂಗಿದ್ದಕ್ಕೂ ಗೋದಾಮಿನಲ್ಲಿ ತೂಗಿದ್ದಕ್ಕೂ ಹದಿನೇಳೂವರೆ ಕಿಲೋ ಅಂತರ, ಯಾರೂ ಕದಿಯದೆ. ಹೆಕ್ಟೇರಿಗೆ ಇಷ್ಟು ಕ್ವಿಂಟಲ್ ಎಂದು ಮುಂದಿನ ಸಲ ಅಚ್ಚು ಹಾಕುವಾಗ, ಅದನ್ನು ತೂಗಿದ್ದು ಎಷ್ಟು ತೇವದಲ್ಲಿ ಎಂಬ ಅಂಕಿಯನ್ನೂ ಪಕ್ಕದಲ್ಲೇ ಹಾಕಿ.

— ನಾರು ಮತ್ತು ಎಣ್ಣೆಬೀಜ ಸಂಸ್ಕರಣೆಯ ಕೆಲಸದಲ್ಲಿರುವವರು