ಸೀರಿಸ್ ಕಂಡಿದ್ದು ಗೌಸ್ ಅಲ್ಲ, ನನ್ನ ಭಾಷಣ ಎಂಟು ನಿಮಿಷದ್ದೂ ಅಲ್ಲ

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಭಾನುವಾರ ನಡೆದ ವಿಜ್ಞಾನ ಕಾರ್ಯಕ್ರಮದ ವರದಿಯನ್ನು ನಿಮ್ಮ ಐದನೇ ಪುಟದಲ್ಲಿ ಓದಿದೆ. ಓದಿ ಮುಗಿಸುವಷ್ಟರಲ್ಲಿ ಕೈಯಲ್ಲಿದ್ದ ಕಾಫಿ ಆರಿಹೋಗಿತ್ತು. 'ಜರ್ಮನಿಯ ಗೌಸ್ ದೂರದರ್ಶಕದಿಂದ ಸೀರಿಸ್ ಎಂಬ ಧೂಮಕೇತುವನ್ನು ಕಂಡುಹಿಡಿದರು ಎಂದು ಉಪನ್ಯಾಸಕರೊಬ್ಬರು ತಿಳಿಸಿದರು' ಎಂದು ಬರೆದಿದ್ದೀರಿ. ಆ 'ಒಬ್ಬರು' ನಾನೇ. ನಾನು ಹಾಗೆ ತಿಳಿಸಲಿಲ್ಲ. ಗೌಸ್ ಅದನ್ನು ಕಂಡಿಲ್ಲ, ಅದು ಧೂಮಕೇತುವೂ ಅಲ್ಲ, ಮಂಗಳ ಮತ್ತು ಗುರು ಗ್ರಹಗಳ ನಡುವೆ ಸೂರ್ಯನನ್ನು ಸುತ್ತುವ ಕುಬ್ಜ ಗ್ರಹ. ಒಂದು ವಾಕ್ಯದಲ್ಲಿ ಎರಡು ತಪ್ಪು. ಫೋಟೊದಲ್ಲಿ ಮುಖ್ಯ ಅತಿಥಿ ಸಾಹೇಬರು ದೀಪ ಹಚ್ಚುತ್ತಿದ್ದಾರೆ, ಬಲಗಡೆ ಒಂದು ಮೊಣಕೈ ಕಾಣುತ್ತದಲ್ಲ, ಅದು ಮಾತ್ರ ನನ್ನದು. ಅಷ್ಟಾದರೂ ಸರಿಯಾಗಿ ಬಂದಿದೆ.

ನಿಮ್ಮ ವರದಿಗಾರರನ್ನು ಪೂರ್ತಿ ದೂರುವುದಿಲ್ಲ. ನನ್ನ ಮಾತು ಕೇಳಲು ಅವರಿಗೆ ಸಿಕ್ಕಿದ್ದೇ ಎಂಟು ನಿಮಿಷ. ಒಪ್ಪಿಕೊಂಡಿದ್ದು ನಲವತ್ತೈದು ನಿಮಿಷಕ್ಕೆ. ಹತ್ತೂವರೆಗೆ ಶುರು ಎಂದಿದ್ದರು. ನಾನು ಎರಡು ಬಸ್ ಬದಲಾಯಿಸಿ ಹತ್ತಕ್ಕೇ ಹಾಜರು. ಮುಖ್ಯ ಅತಿಥಿಗಳು ಬಂದಿದ್ದು ಹನ್ನೆರಡು ಇಪ್ಪತ್ತಕ್ಕೆ. ಆಮೇಲೆ ಪ್ರಾರ್ಥನೆ, ದೀಪ, ಸ್ವಾಗತ, ಶಾಲು, ಪೇಟ, ಸ್ಮರಣಿಕೆ. ಅವರ ಭಾಷಣ ಮೂವತ್ತೈದು ನಿಮಿಷ. ನಾನು ಎದ್ದು ನಿಂತು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಒಂದು ಚೀಟಿ ಬಂತು. 'ಸರ್, ಸ್ವಲ್ಪ ಬೇಗ ಮುಗಿಸಿ, ಪಲಾವ್ ಆರ್ತಾ ಇದೆ.' ಚೀಟಿ ಈಗಲೂ ನನ್ನ ಹತ್ತಿರ ಇದೆ. ಬೇಕಾದರೆ ಕಳುಹಿಸುತ್ತೇನೆ.

ಮಕ್ಕಳಿಗೆ ಹಂಚಲೆಂದು ಸ್ವಂತ ಖರ್ಚಿನಲ್ಲಿ ಅರವತ್ತು ಸೆಟ್ ಜೆರಾಕ್ಸ್ ಮಾಡಿಸಿದ್ದೆ. ಹಂಚಲು ಹೊತ್ತಿರಲಿಲ್ಲ. ಊಟದ ಸಾಲಿನಲ್ಲಿ ಯಾರೋ ಅದನ್ನು ತಟ್ಟೆಯ ಕೆಳಗೆ ಇಟ್ಟುಕೊಂಡಿದ್ದರು.

ಹೇಳಬೇಕಿದ್ದ ಮಾತು ಗಂಟಲಲ್ಲೇ ಉಳಿದಿದೆ. ಇಲ್ಲಿ ಹೇಳಿಬಿಡುತ್ತೇನೆ. 1801ರ ಜನವರಿ 1ರ ರಾತ್ರಿ, ಸಿಸಿಲಿಯ ಪಲೆರ್ಮೊದಲ್ಲಿ ಪಿಯಾಜ್ಜಿ ಎಂಬ ಪಾದ್ರಿ ನಕ್ಷತ್ರಗಳ ಪಟ್ಟಿ ಮಾಡುತ್ತಿದ್ದ. ವೃಷಭ ರಾಶಿಯಲ್ಲಿ ಒಂದು ಮಂಕು ಚುಕ್ಕೆಯ ಜಾಗ ಗುರುತು ಹಾಕಿಕೊಂಡ. ಮರುದಿನ ನೋಡಿದರೆ ಅದು ತುಸು ಸರಿದಿದೆ. ತಾನೇ ತಪ್ಪು ಬರೆದುಕೊಂಡೆ ಅಂದುಕೊಂಡ. ಮೂರನೇ ರಾತ್ರಿ ಮತ್ತೆ ಸರಿದಿತ್ತು. ಜನವರಿ 24ರಂದು ಪತ್ರ ಬರೆದ. ಬರ್ಲಿನ್‌ನ ಖಗೋಳಶಾಸ್ತ್ರಜ್ಞ ಬೋಡೆಗೆ ಧೂಮಕೇತು ಸಿಕ್ಕಿದೆ ಎಂದಷ್ಟೇ ತಿಳಿಸಿದ. ಮಿಲಾನ್‌ನಲ್ಲಿದ್ದ ಗೆಳೆಯ ಓರಿಯಾನಿಗೆ ಮಾತ್ರ ಮನಸ್ಸು ಬಿಚ್ಚಿದ. ಇದಕ್ಕೆ ಮಂಜಿನ ಮುಸುಕಿಲ್ಲ, ನಿಧಾನವಾಗಿ ಒಂದೇ ಸಮ ಚಲಿಸುತ್ತಿದೆ, ಧೂಮಕೇತುವಿಗಿಂತ ಮೇಲಾದದ್ದೇನೋ ಇರಬೇಕು ಎಂದು. ಬರ್ಲಿನ್‌ಗೆ ಬರೆದ ಕಾಗದ ಮಾರ್ಚ್ 20ಕ್ಕೆ ತಲುಪಿತು. ಹತ್ತಿರದ ಮಿಲಾನ್‌ಗೆ ಏಪ್ರಿಲ್ 5. ಎಪ್ಪತ್ತೊಂದು ದಿನ! ಅಷ್ಟರಲ್ಲಿ ಪಿಯಾಜ್ಜಿ ಕಾಯಿಲೆ ಬಿದ್ದಿದ್ದ, ಫೆಬ್ರುವರಿ 11ರ ನಂತರ ಅವನಿಗೆ ಅದನ್ನು ನೋಡಲು ಆಗಿರಲಿಲ್ಲ. ಚುಕ್ಕೆ ಸೂರ್ಯನ ಬೆಳಕಿನಲ್ಲಿ ಮರೆಯಾಗಿತ್ತು. ಮತ್ತೆ ಎಲ್ಲಿ ಹುಡುಕುವುದು?

ಗೋಥಾದಲ್ಲಿ ಝಾಕ್ ಎಂಬವನು ಒಂದು ತಿಂಗಳ ಪತ್ರಿಕೆ ನಡೆಸುತ್ತಿದ್ದ. ಅದರ ಹೆಸರೇ 'ಮಾಸಿಕ ಪತ್ರವ್ಯವಹಾರ' ಎಂಬ ಅರ್ಥದ್ದು. ಖಗೋಳದವರು ಒಬ್ಬರಿಗೊಬ್ಬರು ಬರೆದ ಕಾಗದಗಳೇ ಅದರ ಬಂಡವಾಳ. ಪಿಯಾಜ್ಜಿಯ ಅಳತೆಗಳು ಅದರಲ್ಲಿ ಅಚ್ಚಾದವು. ಇಪ್ಪತ್ತನಾಲ್ಕರ ಹುಡುಗ, ಗಣಿತಜ್ಞ ಗೌಸ್ ಮೇಜಿನ ಮುಂದೆ ಕೂತು ಲೆಕ್ಕ ಹಾಕಿ, ಇಂಥ ದಿನ ಇಂಥ ಕಡೆ ನೋಡಿ ಎಂದು ಬರೆದು ಕಳುಹಿಸಿದ. ಕೈಯಲ್ಲಿದ್ದದ್ದು ಆರು ವಾರದ ಅಳತೆ ಮಾತ್ರ. ಡಿಸೆಂಬರ್ 31ರಂದು ಝಾಕ್‌ಗೆ ಅದು ಅಲ್ಲೇ ಕಾಣಿಸಿತು. ಒಂದೆರಡು ದಿನದಲ್ಲಿ ಬ್ರೆಮೆನ್‌ನ ಓಲ್ಬರ್ಸ್‌ಗೂ ಸಿಕ್ಕಿತು. ಆತ ಹಗಲು ರೋಗಿಗಳನ್ನು ನೋಡುವ ವೈದ್ಯ, ರಾತ್ರಿ ಮನೆಯ ಮೇಲಿನಿಂದ ಆಕಾಶ ನೋಡುವವನು. ಗಮನಿಸಿ ಸಂಪಾದಕರೇ, ಝಾಕ್ ನಡೆಸಿದ್ದೂ ಪತ್ರಿಕೆಯೇ. ಅದರ ಐದನೇ ಪುಟದಲ್ಲಿ ಅಂಕಿ ತಪ್ಪು ಅಚ್ಚಾಗಿದ್ದರೆ ಆ ಡಿಸೆಂಬರ್‌ನಲ್ಲಿ ಸೀರಿಸ್ ಸಿಗುತ್ತಿತ್ತಾ?

ಇನ್ನು ಸಾಹೇಬರ ಮಾತಿಗೆ ಬರುತ್ತೇನೆ. ಅದನ್ನು ಮಾತ್ರ ನೀವು ಒಂದಕ್ಷರ ಬಿಡದೆ ಹಾಕಿದ್ದೀರಿ. 'ಪಾಪ, ಆಗ ಮೊಬೈಲ್ ಇರಲಿಲ್ಲ, ಕಾಗದ ಬರೆದು ಕಾಯುತ್ತಾ ಕೂರುತ್ತಿದ್ದರು, ಈಗ ಕ್ಷಣದಲ್ಲಿ ಎಲ್ಲ ಆಗುತ್ತದೆ' ಎಂದರು. ಚಪ್ಪಾಳೆಯೂ ಬಿತ್ತು. ಸ್ವಾಮಿ, ಕೂತು ಕಾದವರು ಯಾರು? 1820ರ ಜುಲೈ 21ರಂದು ಕೋಪನ್‌ಹೇಗನ್‌ನ ಏರ್‌ಸ್ಟೆಡ್, ವಿದ್ಯುತ್ ಹರಿಯುವ ತಂತಿಯ ಹತ್ತಿರ ದಿಕ್ಸೂಚಿಯ ಮುಳ್ಳು ತಿರುಗುತ್ತದೆ ಎಂದು ಲ್ಯಾಟಿನ್‌ನಲ್ಲಿ ನಾಲ್ಕು ಪುಟ ಅಚ್ಚು ಹಾಕಿಸಿ ಯುರೋಪಿನ ವಿದ್ವಾಂಸರಿಗೆಲ್ಲ ಅಂಚೆಯಲ್ಲಿ ಕಳುಹಿಸಿದ. ಫ್ರಾನ್ಸಿನ ವಿಜ್ಞಾನಿ ಅರಾಗೋ ಆ ಪ್ರಯೋಗವನ್ನು ಜಿನೀವಾದಲ್ಲಿ ನೋಡಿ ಬಂದು ಸೆಪ್ಟೆಂಬರ್ 11ಕ್ಕೆ ಪ್ಯಾರಿಸ್‌ನಲ್ಲಿ ಮಾಡಿ ತೋರಿಸಿದ. ಸೆಪ್ಟೆಂಬರ್ 18ಕ್ಕೆ ಆಂಪಿಯರ್ ಅದೇ ವಿಷಯದ ಮೇಲೆ ತನ್ನ ಹೊಸ ಕೆಲಸ ಹಿಡಿದು ಬಂದ. ಒಟ್ಟು ಐವತ್ತೊಂಬತ್ತು ದಿನ, ಅದೂ ಕುದುರೆ ಗಾಡಿಯಲ್ಲಿ. ನಮ್ಮ ಮನೆ ಮುಂದಿನ ಚರಂಡಿಯ ಬಗ್ಗೆ ನಾನು ಕೊಟ್ಟ ಅರ್ಜಿಗೆ ಹದಿನಾಲ್ಕು ತಿಂಗಳಾಯಿತು. ಅದನ್ನು ಇ-ಮೇಲ್‌ನಲ್ಲೂ ಕಳುಹಿಸಿದ್ದೆ, ಕ್ಷಣದಲ್ಲೇ ತಲುಪಿದೆ.

ಅಂಚೆಯ ಮಾತು ಬಂತಲ್ಲ, ಇದನ್ನೂ ಕೇಳಿ. ಈ ಕಾರ್ಯಕ್ರಮದ ಆಹ್ವಾನ ಪತ್ರಿಕೆ ನನ್ನ ಕೈಸೇರಿದ್ದು ಇವತ್ತು, ಬುಧವಾರ. ಮೇಲಿನ ಮುದ್ರೆ ನೋಡಿದರೆ ಹಾಕಿ ಒಂಬತ್ತು ದಿನವಾಗಿದೆ. ಭವನದಿಂದ ನಮ್ಮ ಮನೆಗೆ ನಾಲ್ಕು ಕಿಲೋಮೀಟರ್. ಪಿಯಾಜ್ಜಿಯ ಕಾಗದ ಸಮುದ್ರ ದಾಟಿ, ನೆಪೋಲಿಯನ್‌ನ ಯುದ್ಧಗಳಲ್ಲಿ ನಲುಗಿದ ಇಟಲಿಯನ್ನು ಹಾಯ್ದು ಹೋಗಬೇಕಿತ್ತು. ಇಲ್ಲಿ ದಾರಿಗೆ ಅಡ್ಡ ಇರುವುದು ಒಂದು ರೈಲ್ವೆ ಗೇಟ್.

ಆ ಕಾಲದ ಶತ್ರುಗಳಿಗೂ ಇವರಿಗಿಂತ ಜಾಸ್ತಿ ಮರ್ಯಾದೆ ಇತ್ತು. ನಮ್ಮ ದಕ್ಷಿಣ ಭಾರತವನ್ನು ಅಳೆದ ಲ್ಯಾಂಬ್ಟನ್ ಇಂಗ್ಲೆಂಡಿನಿಂದ ಅರ್ಧ ಟನ್ ತೂಕದ ಥಿಯೋಡಲೈಟ್, ಅಂದರೆ ಕೋನ ಅಳೆಯುವ ಯಂತ್ರ, ತರಿಸಿದ್ದ. 1804ರಲ್ಲಿ ಬೆಂಗಳೂರಿನ ಹತ್ತಿರ ಸರಪಳಿ ಹಿಡಿದು ನೆಲ ಅಳೆಸಿದವನು ಇವನೇ. ಆ ಯಂತ್ರವನ್ನು ಹೊತ್ತ ಹಡಗನ್ನು ದಾರಿಯಲ್ಲಿ ಫ್ರೆಂಚ್ ಯುದ್ಧನೌಕೆ ಹಿಡಿದು ಮಾರಿಷಸ್‌ಗೆ ಎಳೆದೊಯ್ದಿತು. ಪೆಟ್ಟಿಗೆಯಲ್ಲಿರುವುದು ಏನೆಂದು ಗೊತ್ತಾದ ಮೇಲೆ ಅಲ್ಲಿನ ಫ್ರೆಂಚ್ ಗವರ್ನರ್ ಒಂದು ಸೌಜನ್ಯದ ಪತ್ರ ಜೊತೆಗಿಟ್ಟು ಅದನ್ನು ಮದ್ರಾಸಿಗೆ ಕಳುಹಿಸಿಕೊಟ್ಟ. ನಮ್ಮ ಇಲ್ಲೊಂದು ಶಾಲೆಗೆ ದಾನಿಗಳು ಕೊಟ್ಟ ದೂರದರ್ಶಕ ಬೀರುವಿನಲ್ಲಿದೆ. ಬೀಗದ ಕೈ ವರ್ಗವಾಗಿ ಹೋದ ಗುಮಾಸ್ತರ ಹತ್ತಿರ ಇದೆಯಂತೆ. ಎರಡು ವರ್ಷದಿಂದ 'ಇದೆಯಂತೆ'. ಬೀಗ ತೆಗೆದರೂ ಏನು ಪ್ರಯೋಜನ ಹೇಳಿ? ಮೈದಾನದ ಮೂಲೆಯಲ್ಲಿ ಹೈಮಾಸ್ಟ್ ದೀಪ ನೆಟ್ಟಿದ್ದಾರೆ. ನಾಲ್ಕು ಬಲ್ಬ್ ರಸ್ತೆಗೆ, ಎರಡು ಆಕಾಶಕ್ಕೆ. ಅದಕ್ಕೂ ಅರ್ಜಿ ಕೊಟ್ಟಿದ್ದೇನೆ, ಸ್ವೀಕೃತಿಯೂ ಇಲ್ಲ.

ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಆ ಜನ ಉತ್ತರ ಬರೆಯುತ್ತಿದ್ದರು. 1804ರಲ್ಲಿ ಬೆಸೆಲ್ ಎಂಬ ಇಪ್ಪತ್ತರ ಹುಡುಗ ಬ್ರೆಮೆನ್‌ನ ವ್ಯಾಪಾರದ ಕೋಠಿಯಲ್ಲಿ ಗುಮಾಸ್ತನಾಗಿದ್ದ. 1607ರ ಹಳೆಯ ಅಳತೆಗಳನ್ನು ಹಿಡಿದು ಹ್ಯಾಲಿ ಧೂಮಕೇತುವಿನ ಲೆಕ್ಕ ಹಾಕಿ, ಬೀದಿಯಲ್ಲಿ ಓಲ್ಬರ್ಸ್‌ನನ್ನು ಮಾತನಾಡಿಸಿ ತೋರಿಸಿದ. ಓಲ್ಬರ್ಸ್ ಅದನ್ನು ಓದಿದ, ಮೆಚ್ಚಿದ, ಝಾಕ್‌ನ ಪತ್ರಿಕೆಯಲ್ಲಿ ಅಚ್ಚಾಗುವಂತೆ ನೋಡಿಕೊಂಡ. ಮುಂದೆ ಅದೇ ಹುಡುಗ ನಕ್ಷತ್ರವೊಂದರ ದೂರ ಅಳೆದು, 1838ರಲ್ಲಿ ಇಂಗ್ಲೆಂಡಿನ ಖಗೋಳಶಾಸ್ತ್ರಜ್ಞ ಜಾನ್ ಹರ್ಷೆಲ್‌ಗೆ ಪತ್ರ ಬರೆದು ತಿಳಿಸಿದ. ನಮ್ಮಲ್ಲಿ ಗುಮಾಸ್ತ ಹುಡುಗನೊಬ್ಬ ಲೆಕ್ಕದ ಹಾಳೆ ಹಿಡಿದು ಸಾಹೇಬರ ಎದುರು ನಿಂತರೆ ಏನಾಗುತ್ತದೆ? ಮೇಲಧಿಕಾರಿಗಳ ಮೂಲಕ ಹಾಕಪ್ಪಾ ಅನ್ನುತ್ತಾರೆ, ಅಷ್ಟೇ.

ಇಂಗ್ಲೆಂಡಿನ ಸರ್ಕಾರಿ ಖಗೋಳಶಾಸ್ತ್ರಜ್ಞ ಏರಿಯನ್ನು ಎಲ್ಲರೂ ಬೈಯುತ್ತಾರೆ. 1845ರಲ್ಲಿ ಆಡಮ್ಸ್ ಎಂಬ ಯುವ ಗಣಿತಜ್ಞ ಅವನ ಮನೆಗೆ ಹೋಗಿ ಹೊಸ ಗ್ರಹದ ಲೆಕ್ಕದ ಚೀಟಿ ಬಿಟ್ಟು ಬಂದರೂ ಹುಡುಕಲಿಲ್ಲವಂತೆ. ನಿಜ. ಆದರೆ ಅವನೂ ಒಂದು ಪ್ರಶ್ನೆ ಕೇಳಿ ಮರುಪತ್ರ ಬರೆದಿದ್ದ! ಆಡಮ್ಸ್ ಅದಕ್ಕೆ ಉತ್ತರ ಕೊಡಲಿಲ್ಲ. ಮರುವರ್ಷ ಸೆಪ್ಟೆಂಬರ್ 18ಕ್ಕೆ ಅದೇ ಗ್ರಹದ ಲೆಕ್ಕ ಹಾಕಿದ್ದ ಲವೆರ್ಯೆ ಪ್ಯಾರಿಸ್‌ನಿಂದ ಬರೆದ ಕಾಗದ 23ಕ್ಕೆ ಬರ್ಲಿನ್‌ನ ಖಗೋಳಶಾಸ್ತ್ರಜ್ಞ ಗಾಲೆಗೆ ಸಿಕ್ಕಿತು. ಅದೇ ರಾತ್ರಿ ನೆಪ್ಚೂನ್ ಸಿಕ್ಕಿತು. ಐದು ದಿನ ಸ್ವಾಮಿ, ಐದೇ ದಿನ.

ಆದ್ದರಿಂದ ತಿದ್ದುಪಡಿ ಹಾಕಿ. ಸೀರಿಸ್ ಕಂಡವನು ಪಿಯಾಜ್ಜಿ, ಲೆಕ್ಕ ಹಾಕಿದವನು ಗೌಸ್. ಮೂಲೆಯಲ್ಲಿ ಎರಡು ಸಾಲು ಸಾಕು. ಮುಖ್ಯ ಅತಿಥಿಗಳು ಹೊತ್ತಿಗೆ ಸರಿಯಾಗಿ ಬರುವಂತೆ ಸಂಬಂಧಪಟ್ಟವರು ಏನಾದರೂ ಮಾಡಬೇಕು. ಅದು ಆಗದಿದ್ದರೆ ಆ ಹೈಮಾಸ್ಟ್ ದೀಪದ ಎರಡು ಬಲ್ಬನ್ನಾದರೂ ತಿರುಗಿಸಬೇಕು. ಚರಂಡಿ ವಿಷಯ ಬೇರೆಯೇ ಬರೆಯುತ್ತೇನೆ. ಇನ್ನು ಮುಂದೆ ಇಂಥ ಕಾರ್ಯಕ್ರಮಕ್ಕೆ ನನ್ನನ್ನು ಕರೆಯಬೇಡಿ. ಕರೆಯುವುದಾದರೆ ಪಲಾವ್ ಒಲೆಗೆ ಇಡುವ ಮೊದಲೇ ಮೈಕ್ ಕೊಡಿ.

ಈ ಪತ್ರವನ್ನು ಅಂಚೆಗೆ ಹಾಕಿಲ್ಲ. ನಿಮ್ಮ ಕಚೇರಿಯ ಮೇಜಿನ ಮೇಲೆ ನಾನೇ ಇಟ್ಟು ಹೋಗುತ್ತಿದ್ದೇನೆ. ಕೆಳಗೆ ಕೂತಿದ್ದವರು ಸ್ವೀಕೃತಿ ಕೊಡಲು ಬರುವುದಿಲ್ಲ ಎಂದರು.

ಇತಿ,
ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ