ಕಣ್ಣಿನ ಕೈಪಿಡಿ ಅಚ್ಚಾಯಿತು, ತಿದ್ದಿಕೊಟ್ಟವರಿಗೆಲ್ಲ ವಂದನೆ

ಸಂಧಿವಾತ, ಲೂಪಸ್, ಶೋಗ್ರೆನ್ (ದೇಹದ ರೋಗನಿರೋಧಕ ಶಕ್ತಿ ತನ್ನ ಮೇಲೆಯೇ ತಿರುಗಿಬೀಳುವ ಕಾಯಿಲೆಗಳು) ಇರುವವರಿಗಾಗಿ ಸಿದ್ಧವಾಗುತ್ತಿದ್ದ ಕಣ್ಣಿನ ಕೈಪಿಡಿ ಕೊನೆಗೂ ಅಚ್ಚಾಗಿದೆ. ಅದರಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಸಾಲುಗಳೆಲ್ಲ ಕರಡು ಓದಿದವರು ಕೊಟ್ಟವು.

ಮಾತ್ರೆಯ ಲೆಕ್ಕ ಬಿಡಿಸಿಕೊಟ್ಟ ಫಾರ್ಮಸಿಸ್ಟ್ ಮೇಡಂಗೆ ಮೊದಲ ನಮಸ್ಕಾರ. ಈ ಕಾಯಿಲೆಗಳಿಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಹೆಚ್ಚಾದರೆ ಕಣ್ಣಿನ ಒಳಪರದೆಗೆ (ರೆಟಿನಾ) ಹಾನಿಯಾಗಬಹುದು; ಅದು ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 5 ಮಿಲಿಗ್ರಾಂ ಮೀರಬಾರದು. 50 ಕಿಲೋ ಇರುವವರಿಗೆ ಅದು 250. ದಿನಾ 400 ನುಂಗುತ್ತಿದ್ದರೆ ಹೆಚ್ಚಾಯಿತು; ಒಂದು ದಿನ 200, ಮರುದಿನ 300 ಎಂದು ವೈದ್ಯರು ಹೊಂದಿಸಿಕೊಡಬಹುದು. ಕಿಡ್ನಿ ಸೊರಗಿದ್ದರೆ ಅಪಾಯ ಇನ್ನೂ ಜಾಸ್ತಿ. ಹಾಗೆಂದು ಹೆದರಿ ಮಾತ್ರೆಯನ್ನು ತಾವಾಗಿಯೇ ಬಿಡುವುದು ಬೇಡ.

ರೆಟಿನಾ ಪುಟ ತಿದ್ದಿದ ಆಪ್ಟೋಮೆಟ್ರಿಸ್ಟ್ ಗೆಳೆಯರಿಗೂ ಋಣಿಗಳು. ಮಾತ್ರೆ ಶುರುವಾದ ಮೊದಲ ವರ್ಷದೊಳಗೆ ಒಂದು ತಪಾಸಣೆ, ಐದು ವರ್ಷದ ನಂತರ ಪ್ರತಿವರ್ಷ ಓಸಿಟಿ (ರೆಟಿನಾದ ಪದರಗಳ ಸ್ಕ್ಯಾನ್) ಮತ್ತು ವಿಷುಯಲ್ ಫೀಲ್ಡ್ (ನೋಟದ ಹರವಿನ ಪರೀಕ್ಷೆ). ಏಷ್ಯಾದವರಲ್ಲಿ ಹಾನಿ ನಡುವಿನಿಂದ ಆಚೆ ಶುರುವಾಗುವುದುಂಟು, ಹಾಗಾಗಿ ನಡುಭಾಗವನ್ನಷ್ಟೇ ನೋಡುವ 10-2 ಫೀಲ್ಡ್ ಒಂದೇ ಸಾಲದು, ಇನ್ನೂ ಅಗಲಕ್ಕೆ ನೋಡುವ 24-2 ಅಥವಾ 30-2 ಸಹ ಕೇಳಿ. ಅಕ್ಷರದ ಬೋರ್ಡ್ ಪೂರ್ತಿ ಓದಿದರೂ ಈ ಹಾನಿ ಒಳಗೇ ಇರಬಹುದು. ಒಮ್ಮೆ ಹೋದದ್ದು ಮರಳುವುದಿಲ್ಲ.

ಡ್ರಾಪ್ಸ್ ಹಾಕುವ ಚಿತ್ರಗಳಿಗೆ ತಮ್ಮ ಕೈಯನ್ನೇ ಮಾದರಿಯಾಗಿ ತೋರಿಸಿದ ಅಕ್ಕನವರಿಗೆ ವಿಶೇಷ ವಂದನೆ. ಬೆರಳು ಸೊಟ್ಟಗಾದವರು ರೆಪ್ಪೆಯನ್ನು ಬೆರಳತುದಿಯಿಂದ ಎಳೆಯಲಾರರು. ಒಂದು ಕೈ ಮುಷ್ಟಿ ಮಾಡಿ, ಗೆಣ್ಣಿನಿಂದ ಕೆಳರೆಪ್ಪೆ ಜಗ್ಗಿ, ಬಾಟಲಿ ಹಿಡಿದ ಕೈಯನ್ನು ಅದೇ ಮುಷ್ಟಿಯ ಮೇಲೆ ಊರಿದರೆ ಗುರಿ ತಪ್ಪದು. ಒಂದೇ ಹನಿ ಸಾಕು, ಎರಡನೆಯದು ಕೆನ್ನೆಗೇ. ಕಣ್ಣು ಮುಚ್ಚಿ ಮೂಗಿನ ಬದಿಯ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ; ಇಲ್ಲದಿದ್ದರೆ ಔಷಧಿ ಗಂಟಲಿಗಿಳಿಯುತ್ತದೆ. ಇನ್ನೊಂದು ಡ್ರಾಪ್ಸ್ ಐದು ನಿಮಿಷ ಬಿಟ್ಟು. ಪ್ರೆಡ್ನಿಸೊಲೋನ್ ಅಸಿಟೇಟ್ ಎಂಬ ಸ್ಟೆರಾಯ್ಡ್ ಡ್ರಾಪ್ಸಿನ ಬಾಟಲಿಯನ್ನು ಚೆನ್ನಾಗಿ ಕುಲುಕಬೇಕು, ಔಷಧಿ ತಳದಲ್ಲಿ ಕೂತಿರುತ್ತದೆ. ಒಣಗಣ್ಣಿಗೆ ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಕಾದರೆ ಪ್ರಿಸರ್ವೇಟಿವ್ (ಕೆಡದಂತೆ ಬೆರೆಸುವ ರಾಸಾಯನಿಕ) ಇಲ್ಲದ್ದನ್ನೇ ಕೇಳಿ.

ಕೆಂಪುಗಣ್ಣಿನ ಪುಟಕ್ಕೆ ನೆರವಾದ ಡಾಕ್ಟರಿಗೆ ಕೃತಜ್ಞತೆ. ನೋವು, ಬೆಳಕು ಚುಚ್ಚುವುದು, ಮಂಜು ಮಂಜಾಗುವುದು ಸೇರಿದರೆ ಅದನ್ನು ಮದ್ರಾಸ್ ಐ ಎಂದು ತಳ್ಳಿಹಾಕಬೇಡಿ, ಅದು ಯೂವಿಯೈಟಿಸ್ (ಕಣ್ಣಿನೊಳಗಿನ ಉರಿಯೂತ) ಇರಬಹುದು. ತಡವಾದರೆ ಪಾಪೆಯ ಅಂಚು ಹಿಂದಿನ ಲೆನ್ಸಿಗೆ ಅಂಟುತ್ತದೆ. ಕೀಲುವಾತದ ಮಕ್ಕಳಲ್ಲಿ ಕಣ್ಣು ಕೆಂಪಾಗದೆ, ನೋಯದೆಯೂ ಇದು ಬರುತ್ತದೆ, ಎಎನ್‌ಎ (ರಕ್ತದಲ್ಲಿನ ಒಂದು ಆ್ಯಂಟಿಬಾಡಿಯ ಪರೀಕ್ಷೆ) ಪಾಸಿಟಿವ್ ಇರುವ ಪುಟ್ಟ ಮಕ್ಕಳಿಗೆ ಮೂರು ತಿಂಗಳಿಗೊಮ್ಮೆ ಸ್ಲಿಟ್ ಲ್ಯಾಂಪ್ (ಕಣ್ಣು ನೋಡುವ ಸೂಕ್ಷ್ಮದರ್ಶಕ) ತಪಾಸಣೆ ಬೇಕೇ ಬೇಕು.

ಡಿಟಿಪಿ ಮಾಡಿದ ತಮ್ಮನಿಗೂ ಶಹಬ್ಬಾಸ್: ದಪ್ಪ 16 ಪಾಯಿಂಟ್ ಅಕ್ಷರ, ಕಣ್ಣಿಗೆ ಕುಕ್ಕದ ಮ್ಯಾಟ್ ಕಾಗದ.