42 ನಿಮಿಷದ ಸಿನಿಮಾ, ಮತ್ತೆ ನಮ್ಮತ್ತೆ

ಶನಿವಾರ ಲೈಬ್ರರಿ ಹಾಲ್‌ನಲ್ಲಿ ನಾಲ್ಕು ಅಕ್ಕತಂಗೀರ ಕಥೆಯ ಅಮೆರಿಕನ್ ಕಾದಂಬರಿ 'ಲಿಟಲ್ ವಿಮೆನ್'ನಿಂದ ನಾವು ಮಾಡಿದ ಕನ್ನಡ ಸಿನಿಮಾ ತೋರ್ಸಿ ಆಯ್ತು, ಪ್ರೊಜೆಕ್ಟರ್ ಒಂದ್ಸಲ ಕೈ ಕೊಟ್ಟಿದ್ದು ಬಿಟ್ರೆ ಎಲ್ಲ ಸುಸೂತ್ರ. ಅವತ್ತೇ ಥ್ಯಾಂಕ್ಸ್ ಹೇಳ್ಬೇಕಿತ್ತು, ಮೈಕ್ ಕೈಗೆ ಬಂದ ತಕ್ಷಣ ಗಂಟಲು ಕಟ್ಕೊಂಡು ಎರಡು ಮಾತಾಡಿ ಇಳಿದುಬಿಟ್ಟೆ. ಅದಕ್ಕೆ ಈಗ ಕೂತು ಬರೀತಿದೀನಿ.

ನಾಲ್ಕು ಹುಡುಗೀರು, ವೀಕೆಂಡ್ ಎಲ್ಲ ಕಾರಲ್ಲೇ ಕಾದು ಕೂತ ಅವರ ಅಪ್ಪ ಅಮ್ಮಂದಿರು, ಕ್ಯಾಮೆರಾ ಎಡಿಟಿಂಗ್ ಎರಡೂ ನೋಡ್ಕೊಂಡ ಗೆಳೆಯ, ಉದ್ದ ಲಂಗ ಹೊಲಿದೋರು, ಚಿತ್ರಾನ್ನ ತಂದೋರು, ನಿಮಗೆಲ್ಲ ದೊಡ್ಡ ನಮಸ್ಕಾರ. "ಮಲೆನಾಡಿನ ಕಥೆ ಮಾಡ್ಬಹುದಿತ್ತಲ್ಲ" ಅಂದವ್ರಿಗೂ ಥ್ಯಾಂಕ್ಸ್, ನೀವು ಕೇಳಿದ್ದಕ್ಕೇ ನಂಗೆ ಹಟ ಬಂದಿದ್ದು. ಲೂಯಿಸಾ ಮೇ ಆಲ್ಕಾಟ್ ಈ ಕಾದಂಬರಿ ಬರೆದ, ಅಮೆರಿಕದ ಕಾನ್ಕಾರ್ಡ್‌ನ ಆರ್ಚರ್ಡ್ ಹೌಸ್ ನಮ್ಮನೆಯಿಂದ ಅರ್ಧ ಗಂಟೆ, ಅವಳಿಗೆ ಅವಳಪ್ಪ ಮಾಡಿಕೊಟ್ಟ ಅರ್ಧಚಂದ್ರದ ಪುಟ್ಟ ಮೇಜು ಈಗಲೂ ಅಲ್ಲೇ ಇದೆ, ನಮ್ಮ ಹುಡುಗೀರು ಬೆಳೀತಿರೋದೂ ಇಲ್ಲೇ. ಊರು ಅದೇ, ಸ್ನೋ ಅದೇ, ಮಾತು ಮಾತ್ರ ಕನ್ನಡ.

ಕಥೇಲಿ ಕೊನೇ ತಂಗಿ ಏಮಿ ವಯಸ್ಸಿನ ತಲೆನೋವು ನೆನಪಿದೆಯಲ್ಲ? ಶುರುವಲ್ಲಿ 12, ಕೊನೇಲಿ ಮದುವೆಯಾಗಿರ್ತಾಳೆ. 1994ರ ಸಿನಿಮಾದಲ್ಲಿ ಇಬ್ಬರು ನಟಿಯರನ್ನ ಹಾಕಿದ್ರು, 1949ರದ್ರಲ್ಲಿ ಅವಳಕ್ಕ ಬೆತ್‌ನೇ ಏಮಿಗಿಂತ ಚಿಕ್ಕವಳನ್ನಾಗಿ ಮಾಡ್ಬಿಟ್ರು. ನಾವು ಎರಡು ಜಡೆ ಬಿಚ್ಚಿ ತುರುಬು ಹಾಕಿದ್ವಿ, ಬಜೆಟ್ ಅಷ್ಟೇ ಇದ್ದಿದ್ದು. ಏಮಿ ಕಾಲಡಿ ಐಸ್ ಒಡೆಯೋ ಸೀನಲ್ಲಿ ಬರೀ ಸೌಂಡು, ಅವಳಕ್ಕ ಜೋ ಮುಖ.

ಇನ್ನು ನಮ್ಮತ್ತೆ.

ಅರಸೀಕೆರೆಯಿಂದ ಮೊದಲನೇ ಸಲ ಬಂದಿದ್ರು, ಅದೂ ಈ ಚಳೀಲಿ. ಅಕ್ಕನ ವಿಷಯ ನಿಮಗೆಲ್ಲ ಗೊತ್ತಿರೋದೇ, ಮತ್ತೆ ಬರೆಯಲ್ಲ. ಫೆಬ್ರವರಿಯ ಆ ರಾತ್ರಿ ಮೈಸೂರಿಂದ ಫೋನ್ ಬಂದಾಗ ಇಲ್ಲಿ ಸ್ನೋ ಸ್ಟಾರ್ಮ್, ಫ್ಲೈಟ್ ಎಲ್ಲ ಕ್ಯಾನ್ಸಲ್, ಬೆಳಿಗ್ಗೆ ತನಕ ಏನೂ ಮಾಡೋ ಹಾಗಿಲ್ಲ, ಮನೆಯವ್ರು ಬೇರೆ ಊರಲ್ಲಿದ್ರು. ಪ್ಯಾಕ್ ಮಾಡಿದ ಸೂಟ್‌ಕೇಸ್ ಬಾಗಿಲ ಹತ್ರ ಇಟ್ಕೊಂಡು ಅಡುಗೆಮನೆ ಟೇಬಲ್‌ಗೆ ಬಂದು ಕೂತೆ. ಅತ್ತೆ ಶಾಲು ಹೊದ್ಕೊಂಡು ಎದುರಿಗೆ ಕೂತ್ರು, ಮಲ್ಕೋ ಅಂತಾಗ್ಲಿ ಧೈರ್ಯ ತಗೋ ಅಂತಾಗ್ಲಿ ಒಂದು ಮಾತೂ ಅನ್ನಲಿಲ್ಲ. ಒಂದು ಗಂಟೆ ಹೊತ್ತಿಗೆ, "ಅದೇನೋ ಸಿನಿಮಾ ಬರೀತಿದೀಯಲ್ಲ, ಅದರ ಕಥೆ ಹೇಳು" ಅಂದ್ರು.

ಹೇಳಿದೆ. ಜೋ ಬರೆದ ಪುಸ್ತಕನ ಏಮಿ ಸುಟ್ಟಿದ್ದಕ್ಕೆ "ಕೊನೇ ಮಗು ಅಂತ ತಲೆ ಮೇಲೆ ಕೂರಿಸ್ಕೊಂಡ್ರೆ ಇನ್ನೇನು" ಅಂದ್ರು, ಲಾರಿ ಅನ್ನೋ ಹುಡುಗನ್ನ ಜೋ ಮದುವೆಗೆ ಬೇಡ ಅಂದಿದ್ದಕ್ಕಂತೂ ಸಿಟ್ಟೇ ಬಂತು, "ಪಕ್ಕದ ಮನೆ ಹುಡುಗ, ಗುಣವಂತ, ಇವಳಿಗೇನು ರೋಗ?" 1868ರಲ್ಲಿ ಮೊದಲ ಭಾಗ ಓದಿದ ಹುಡುಗೀರೂ ಇದೇ ಜಗಳ ತೆಗೆದಿದ್ರು ಅತ್ತೆ, ಅವ್ರ ಮೇಲಿನ ಹಟಕ್ಕೇ ಲೂಯಿಸಾ ಅವರಿಬ್ಬರ ಮದುವೆ ಮಾಡಿಸ್ಲಿಲ್ಲ ಅಂದೆ. ನಕ್ಕೆ ಕೂಡ. ಆ ರಾತ್ರಿ ನಕ್ಕೆ ಅಂತ ಈಗ ನೆನೆಸ್ಕೊಂಡ್ರೆ ನಾಚಿಕೆ ಆಗತ್ತೆ.

ಬೆತ್‌ಳ ಕೊನೇ ದಿನಗಳ ಹತ್ರ ಬಂದೆ. ಎರಡು ತಿಂಗಳಿಂದ ನಾಲ್ಕು ಡ್ರಾಫ್ಟ್ ಬರೆದು ನಾಲ್ಕೂ ಹರಿದಿದ್ದ ಸೀನು. ಹುಷಾರಿಲ್ಲದಾಗ್ಲೂ ದಾರೀಲಿ ಹೋಗೋ ಮಕ್ಕಳಿಗೆ ಏನೇನೋ ಹೊಲಿದುಕೊಡ್ತಿರ್ತಾಳೆ, ಒಂದಿನ ಸೂಜಿ ಭಾರ ಅಂತ ಕೆಳಗಿಡ್ತಾಳೆ, ಆಮೇಲೆ ಮುಟ್ಟಲ್ಲ ಅಂತ ಹೇಳ್ತಾ ಹೇಳ್ತಾ ನಿಂತುಹೋದೆ, ಯಾಕಂದ್ರೆ ಹಿಂದಿನ ವಾರ ವಿಡಿಯೋ ಕಾಲಲ್ಲಿ ಅಕ್ಕ "ಫೋನು ಭಾರ ಕಣೆ" ಅಂತ ಮಂಚದ ಮೇಲೆ ಇಟ್ಟುಬಿಟ್ಟಿದ್ಲು, ನಂಗೆ ಆಸ್ಪತ್ರೆ ಫ್ಯಾನ್ ಒಂದೇ ಕಾಣ್ತಿತ್ತು, ನಾನು ಪೆದ್ದಿ, "ಮುಖ ಕಾಣ್ತಿಲ್ಲ, ಎತ್ತು" ಅಂತ ರೇಗಿದ್ದೆ.

ರೇಗಿದ್ದೆ. ಅದೇ ಕೊನೇ ಕಾಲ್.

ಅತ್ತೆ ಏನೂ ಹೇಳ್ಲಿಲ್ಲ. ಎದ್ದು ಹಾಲು ಕಾಯಿಸಿದ್ರು, ಉಕ್ಕಿ ಸ್ಟವ್ ಮೇಲೆಲ್ಲ ಚೆಲ್ಲಿತು, ಇಬ್ರೂ ಒರೆಸಿದ್ವಿ. ಐದು ಗಂಟೆಗೆ ದಿನಸಿ ಬಿಲ್ ಹಿಂದೆ ಮೂರು ಸಾಲು ಬರೆದೆ. ಕಿಟಕಿ, ಕೈ, ಸೂಜಿ ಕೆಳಗಿಡೋದು. ಮಾತಿಲ್ಲ. ನೀವು ಶನಿವಾರ ನೋಡಿದ್ದು ಅಷ್ಟೇ.

ಲೂಯಿಸಾಳ ನಿಜವಾದ ತಂಗಿ ಲಿಜ್ಜಿ ತೀರ್ಕೊಂಡಿದ್ದು 1858ರ ಮಾರ್ಚಲ್ಲಿ, ಅವರೆಲ್ಲ ಆರ್ಚರ್ಡ್ ಹೌಸ್‌ಗೆ ಹೋಗೋಕೆ ಸ್ವಲ್ಪ ಮುಂಚೆ. ಆ ಮನೇಲಿ ಅವಳು ಒಂದಿನಾನೂ ಇರ್ಲಿಲ್ಲ, ಹತ್ತು ವರ್ಷ ಆದ್ಮೇಲೆ ಅವಳಕ್ಕ ಲೂಯಿಸಾ ಅಲ್ಲೇ ಕೂತು ಬರೆದು ಅವಳನ್ನ ಬೆತ್ ಮಾಡಿದ್ಲು, ಪಿಯಾನೋ ಕೊಡಿಸಿದ್ಲು. ನಮ್ಮ ಮನೇನೂ ನಮ್ಮಕ್ಕ ನೋಡಿದ್ದು ಫೋನಲ್ಲೇ.

ಅತ್ತೆ ಏಪ್ರಿಲ್‌ನಲ್ಲಿ ವಾಪಸ್ ಹೋದ್ರು. ಭಾನುವಾರ ಲಿಂಕ್ ಕಳಿಸಿದ್ದೆ, ಮೊಮ್ಮಗಳ ಕೈಲಿ ಹಾಕಿಸ್ಕೊಂಡು ನೋಡಿ ಫೋನ್ ಮಾಡಿದ್ರು. ಚೆನ್ನಾಗಿದೆ ಗಿನ್ನಾಗಿದೆ ಏನಿಲ್ಲ. "ಆ ಹುಡುಗಿ ಸೂಜಿ ಹಿಡ್ಕೊಂಡಿರೋದೇ ಸರಿಯಿಲ್ಲ. ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"